ನಾಲ್ಕು ಇಂಚಿನ ಮಡಿಕೆ

ನನ್ನ ಬಾಯಿ ಜೋರು. ಇದನ್ನು ನಾನೇ ಮೊದಲು ಹೇಳಿಬಿಡ್ತೀನಿ, ಯಾಕಂದರೆ ನಾನು ಹೇಳದಿದ್ದರೆ ನನ್ನ ತಂಗಿ ಹೇಳ್ತಾಳೆ, ಅದೂ ಉಪ್ಪುಖಾರ ಹಚ್ಚಿ. ದೋಣಿಗಳಿಗೆ ಹೊದಿಕೆ ಹೊಲಿಯೋದು ನಮ್ಮಿಬ್ಬರ ಕಸುಬು. ಗಿರಾಕಿ ತಡವಾಗಿ ಬಂದರೆ ಬೈತೀನಿ, ಬೇಗ ಬಂದರೂ ಬೈತೀನಿ. ಆದರೆ ಅಳತೆಯ ವಿಷಯದಲ್ಲಿ ನನ್ನ ಕಡೆ ಬೆರಳು ತೋರಿಸಿದವರು ಒಬ್ಬರಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ಹೊದಿಕೆಯೂ ಗಿಡ್ಡವಾಯ್ತು ಅಂತ ವಾಪಸು ಬಂದಿಲ್ಲ. ಅಂಥವಳು ನಾನು, ಒಂದು ಮನೆಗಾಗಿ, ಒಂದೇ ಪದದ ಸುಳ್ಳು ಹೇಳಿದೆ. ಅದನ್ನು ಹೇಳಿದ್ದು ಕಟ್ಟಿಕೊಂಡ ಗಂಡನಿಗೆ.

ನಮ್ಮ ಯಜಮಾನರು ಹೊಳೆ ದಾಟಿಸೋ ಲಾಂಚಿನ ಚುಕ್ಕಾಣಿ ಹಿಡಿದು ಇಪ್ಪತ್ತೊಂಬತ್ತು ವರ್ಷ. ಒಂದು ಸಲಕ್ಕೆ ನೂರಿಪ್ಪತ್ತು ಜನ. ಆ ಲಾಂಚಲ್ಲಿ ಏನೇನೋ ಮುಳ್ಳು, ದೀಪ, ಪರದೆ ಎಲ್ಲ ಇವೆಯಂತೆ. ಇವರು ಅವುಗಳ ಕಡೆ ನೋಡೋದೇ ಇಲ್ಲ. ಕಣ್ಣಲ್ಲೇ ಅಳೆಯೋದು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಲಾಂಚನ್ನು ದಡಕ್ಕೆ ತಂದು ನಿಲ್ಲಿಸ್ತಾರೆ. ಕೈಯಲ್ಲಿ ಚಹಾ ಲೋಟ ಹಿಡಿದು ನಿಂತವರಿಗೂ ಒಂದು ಹನಿ ಚೆಲ್ಲಲ್ಲ. ಊರಿಗೆಲ್ಲ ಇದು ಗೊತ್ತು. ಇವರ ಮಟ್ಟಿಗೆ ಬದುಕಲ್ಲಿ ಹೆಮ್ಮೆ ಅಂತ ಇದ್ದದ್ದು ಆ ಕಣ್ಣೊಂದೇ. ಬೇರೆ ಯಾವುದಕ್ಕೂ ಜಂಬ ಪಡೋ ಮನುಷ್ಯ ಅಲ್ಲ.

ನಮಗೆ ಮಕ್ಕಳಿಲ್ಲ. ಇರೋದು ಒಂದು ದೋಣಿ. ರಜೆ ದಿನ ಅದರಲ್ಲಿ ಸುತ್ತೋದೇ ಇವರ ಸುಖ. ಇವರು ಎತ್ತರದ ಆಳು. "ತಲೆ ಬಗ್ಗಿಸಿ ಚುಕ್ಕಾಣಿ ಹಿಡಿಯೋನು ನಾನಲ್ಲ" ಅಂತ ಅದರ ಕ್ಯಾಬಿನ್ನನ್ನು ತಾವೇ ಎತ್ತರಕ್ಕೆ ಕಟ್ಟಿಕೊಂಡಿದ್ದರು. ಆ ದೋಣಿ ಇದ್ದದ್ದು ಸರ್ಕಾರಿ ಜೆಟ್ಟಿಯಲ್ಲಿ, ಮನೆಯಿಂದ ನಲವತ್ತು ನಿಮಿಷದ ನಡಿಗೆ. ಮನೆ ಅಂದೆನಾ? ಅದನ್ನು ಮನೆ ಅಂದರೆ ಮನೆಗೆ ಅವಮಾನ. ನಮ್ಮ ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ಕಾಸಿದ ಅಂಟಿನ ವಾಸನೆ ಮೇಲೆ ಹಾಸಿಗೆವರೆಗೂ ಬರ್ತಿತ್ತು. ಅಡುಗೆಮನೆ ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ಸಿಗ್ತಿತ್ತು. ಇಪ್ಪತ್ತೆರಡು ವರ್ಷ ಆ ಗೋಡೆ ನೋಡ್ಕೊಂಡು ಅಡುಗೆ ಮಾಡಿದೀನಿ. ಅದರ ಒಂದೊಂದು ಬಿರುಕೂ ನನಗೆ ಬಾಯಿಪಾಠ.

ಅಂಥ ಹೊತ್ತಲ್ಲಿ ದಲ್ಲಾಳಿ ಬಂದ. ಅವನ ಹೆಸರು ಏನೋ ಇದೆ, ಎಲ್ಲರೂ ಕರೆಯೋದು ಸಕ್ಕರೆ ಅಂತ. ಬಾಯಿ ಅಷ್ಟು ಸಿಹಿ. "ಅಮ್ಮಾ, ಕಾಲುವೆ ದಂಡೆ ಮೇಲೆ ಮನೆ. ಹಿತ್ತಲ ಬಾಗಿಲು ತೆಗೆದರೆ ನೀರು. ಸ್ವಂತ ಜೆಟ್ಟಿ ಅಮ್ಮಾ, ಸ್ವಂತ! ಸಾರ್ ಚಪ್ಪಲಿ ಹಾಕ್ಕೊಳ್ದೇನೇ ದೋಣಿ ಹತ್ತಬಹುದು" ಅಂದ. ಬೆಲೆ ನಮ್ಮ ಕೈಗೆ ಎಟಕೋ ಹಾಗಿತ್ತು. ಯಾಕೆ ಎಟಕ್ತಿದೆ ಅಂತ ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಇವರು, ನಾನು, ಸಕ್ಕರೆ, ಮೂವರೂ ಹೋದೆವು. ಚಿಕ್ಕ ಮನೆ. ಬಣ್ಣ ಉದುರಿತ್ತು, ಬಾಗಿಲ ಕೀಲು ಕಿರುಗುಟ್ತಿತ್ತು. ನಾನು ಬಾಯಿಬಿಡೋದಕ್ಕೆ ಶುರು ಮಾಡಿದ್ದೆ, "ಏನಯ್ಯಾ ಇದು, ಗೋಡೆಗೆ ಕುಷ್ಠವಾ" ಅಂತ. ಆಮೇಲೆ ಅಡುಗೆಮನೆಗೆ ಕಾಲಿಟ್ಟೆ. ಕಟ್ಟೆಯ ಎದುರಿಗೆ ಉದ್ದಕ್ಕೆ ಒಂದು ಕಿಟಕಿ. ಕಿಟಕಿಯಾಚೆ ಕಾಲುವೆ. ಬಿಸಿಲು ನೀರಿನ ಮೇಲೆ ಬಿದ್ದು ಒಳಗಿನ ಚಾವಣಿಯಲ್ಲಿ ಅಲ್ಲಾಡ್ತಿತ್ತು. ನನ್ನಂಥ ಗಯ್ಯಾಳಿ, ಬಾಯಿ ಮುಚ್ಚಿಕೊಂಡು ನಿಂತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಈ ಮನೆ ನನಗೆ ಬೇಕು ಅಂತ ಆಗಲೇ ನಿಶ್ಚಯ ಮಾಡಿಬಿಟ್ಟೆ.

ಇವರು ಹಿತ್ತಲಲ್ಲಿದ್ದರು. ಜೆಟ್ಟಿಯ ಹಲಗೆಗಳನ್ನು ಒಂದೊಂದಾಗಿ ತುಳಿದು ನೋಡಿದರು, ಕಂಬಗಳನ್ನು ತಟ್ಟಿ ನೋಡಿದರು, ತಲೆಯಾಡಿಸಿದರು. ಆಮೇಲೆ ತುದಿಗೆ ಹೋಗಿ ಕಾಲುವೆ ಉದ್ದಕ್ಕೂ ಕಣ್ಣು ಹಾಯಿಸಿದರು. ಇನ್ನೂರು ಹೆಜ್ಜೆ ದೂರದಲ್ಲಿ ಒಂದು ಸೇತುವೆ. ಹೊಳೆಯಿಂದ ಈ ಕಾಲುವೆಗೆ ಬರೋಕೆ ಅದರಡಿ ಬಿಟ್ಟರೆ ಬೇರೆ ದಾರಿ ಇಲ್ಲ.

"ಹೋಗಲ್ಲ ಕಣೇ" ಅಂದರು.

"ಏನು ಹೋಗಲ್ಲ?"

"ನಮ್ಮ ದೋಣಿ. ಆ ಸೇತುವೆ ಅಡಿ ಹೋಗಲ್ಲ. ಎರಡು ಇಂಚು ತಗಲುತ್ತೆ."

ಸಕ್ಕರೆಯ ಮುಖ ಸಪ್ಪೆಯಾಯ್ತು, ಆದರೆ ನಾಲಿಗೆ ನಿಲ್ಲಲಿಲ್ಲ. "ಸಾರ್, ಸೇತುವೆ ಮೇಲೆ ಫಲಕ ಇದೆ ನೋಡಿ, ಏಳೂವರೆ ಅಡಿ. ಈ ನೀರು ಏರಲ್ಲ, ಇಳಿಯಲ್ಲ, ತುದಿಯಲ್ಲಿ ತೂಬು ಇಟ್ಟು ಮಟ್ಟ ಕಾಯ್ತಾರೆ. ನಿಮ್ಮ ದೋಣಿ ಎಷ್ಟು ಎತ್ತರ ಹೇಳಿ. ಬೇಗ ಹೇಳಿದ್ರೆ ಒಳ್ಳೇದು, ನಾಲ್ಕು ಗಂಟೆಗೆ ಇನ್ನೊಂದು ಕುಟುಂಬ ಮುಂಗಡ ಹಿಡ್ಕೊಂಡು ಬರ್ತಿದೆ."

ಇವರು ನನ್ನ ಕಡೆ ತಿರುಗಿದರು. "ನಿನ್ನ ಪುಸ್ತಕದಲ್ಲಿ ಇರಬೇಕಲ್ಲ?"

ಇಲ್ಲಿ ನಮ್ಮ ಕೆಲಸದ ಒಂದು ಪದ್ಧತಿ ಹೇಳಬೇಕು. ದೋಣಿಯ ಅಳತೆ ತಗೊಂಡರೆ, ಹೊದಿಕೆಯ ಅಂಚು ಮಡಿಚಿ ಹೊಲಿಯೋದಕ್ಕೆ ಅಂತ ನಾಲ್ಕು ಇಂಚು ಸೇರಿಸಿಯೇ ಪುಸ್ತಕದಲ್ಲಿ ಬರೀತೀವಿ. ದೋಣಿ ಆರಡಿ ಇದ್ದರೆ ಪುಸ್ತಕದಲ್ಲಿ ಆರಡಿ ನಾಲ್ಕು ಇಂಚು. ಬಟ್ಟೆ ಕತ್ತರಿಸುವಾಗ ಮರೆತು ಹಾಳು ಮಾಡಬಾರದು ಅಂತ. ಇದು ಇವರಿಗೂ ಗೊತ್ತು. ಆದರೆ ನಮ್ಮ ಸ್ವಂತ ದೋಣಿಯ ಹೊದಿಕೆ ಹೊಲಿದದ್ದು ಅಂಗಡಿಯಲ್ಲಿ ಉಳಿದ ತುಂಡುಗಳಿಂದ. ತುಂಡಿಗೊಂದು ಮಡಿಕೆ, ಲೆಕ್ಕಕ್ಕೆ ಸಿಗಲ್ಲ. ಅದಕ್ಕೆ ಬರೀ ಮೈಯಳತೆ ಬರೆದಿಟ್ಟಿದ್ದೆ. ನೀರಿನಿಂದ ಕ್ಯಾಬಿನ್ನಿನ ತುದಿಗೆ ಏಳಡಿ ಎಂಟು ಇಂಚು. ಇದು ನನಗೆ ಗೊತ್ತಿತ್ತು, ತಂಗಿಗೆ ಗೊತ್ತಿತ್ತು. ಇವರಿಗೆ ಗೊತ್ತಿರಲಿಲ್ಲ.

ಚೀಲದಿಂದ ಪುಸ್ತಕ ತೆಗೆದು ಆ ಪುಟ ತೋರಿಸಿದೆ.

"ಏಳಡಿ ಎಂಟು" ಅಂತ ಓದಿಕೊಂಡರು. "ಇದರಲ್ಲಿ ಮಡಿಕೆ ಸೇರಿದೆಯಾ?"

"ಸೇರಿದೆ" ಅಂದೆ.

ಅಷ್ಟೇ. ಆ ಒಂದು ಪದ.

ಇವರು ನಾಲ್ಕು ಇಂಚು ಕಳೆದು, ಸೇತುವೆ ಕಡೆ ನೋಡಿ, ಮತ್ತೆ ಪುಸ್ತಕ ನೋಡಿದರು. "ಹಾಗಾದ್ರೆ ಏಳಡಿ ನಾಲ್ಕು. ಎರಡು ಇಂಚು ಬಿಟ್ಟೇ ಹೋಗುತ್ತೆ." ಕಣ್ಣುಜ್ಜಿಕೊಂಡರು. "ವಿಚಿತ್ರ. ನನಗೆ ತಗಲೋ ಹಾಗೇ ಕಾಣ್ತಿದೆ. ಇರಲಿ, ನಿನ್ನ ಟೇಪು ಸುಳ್ಳು ಹೇಳುತ್ತಾ" ಅಂತ ನಕ್ಕರು. ನಾನೂ ನಕ್ಕೆ. ಆ ನಗುವನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಅನ್ನಿಸುತ್ತೆ. ನಾಲ್ಕು ಗಂಟೆಗೆ ಮೊದಲೇ ಮುಂಗಡ ಕೊಟ್ಟೆವು.

ತಂಗಿಗೆ ಹೇಳಿದಾಗ ಅವಳು ಹಲ್ಲಲ್ಲಿ ಕಚ್ಚಿದ್ದ ದಾರವನ್ನು ಹಾಗೇ ಬಿಟ್ಟಳು. "ಅಕ್ಕಾ, ನಮ್ಮ ದೋಣಿ ಲೆಕ್ಕಕ್ಕೆ ಮಡಿಕೆ ಎಲ್ಲಿ ಸೇರಿಸಿದ್ವಿ?"

"ಸೇರಿಸಿಲ್ಲ."

"ಮತ್ತೆ ಭಾವನಿಗೆ?"

"ಸೇರಿದೆ ಅಂದೆ."

"ಅಯ್ಯೋ ನಿನ್ನ!" ಅಂತ ಹಣೆ ಚಚ್ಚಿಕೊಂಡಳು. "ಊರಿಗೆಲ್ಲ ಅಳತೆ ಹೇಳಿಕೊಡೋಳು, ನಿನಗೆ ಬುದ್ಧಿ ಇದೆಯಾ? ಹೋಗಿ ಈಗಲೇ ಹೇಳು."

"ಹೇಳ್ತೀನಿ, ಮನೆ ಕೈಗೆ ಬರಲಿ" ಅಂದೆ. ಮನೆ ನಮ್ಮ ಹೆಸರಿಗೆ ಬಂದ ದಿನ, ಸಾಮಾನು ಸಾಗಿಸಿದ ಮೇಲೆ ಹೇಳ್ತೀನಿ ಅಂದೆ. ಕಳ್ಳನಿಗೊಂದು ಪಿಳ್ಳೆನೆವ. ಹೇಳಿದರೆ ಇವರು ಬೈಯಲ್ಲ ಅಂತಲೂ ಗೊತ್ತಿತ್ತು. ಸುಮ್ಮನೆ ಒಂದು ಸಲ ನೋಡ್ತಾರೆ. ಆ ನೋಟಕ್ಕೆ ನನಗೆ ಧೈರ್ಯ ಇರಲಿಲ್ಲ.

ಆಮೇಲೆ ಮಾಡಿದ್ದು ಮೊದಲಿನ ಸುಳ್ಳಿಗಿಂತ ದೊಡ್ಡದು. ಸಾಮಾನು ಸಾಗಿಸೋ ದಿನವನ್ನು ಬೇಕಂತಲೇ ಇವರ ಡ್ಯೂಟಿ ದಿನ ಇಟ್ಟುಕೊಂಡೆ. "ಸಾಮಾನು ಲಾರಿಯಲ್ಲಿ ಬರಲಿ, ಖಾಲಿ ದೋಣಿ ನಾನು ತರ್ತೀನಿ, ನೀವು ಸಂಜೆ ನೇರ ಹೊಸ ಮನೆಗೆ ಬನ್ನಿ" ಅಂದೆ. ಇವರಿಗೆ ಖುಷಿಯೋ ಖುಷಿ. ಚುಕ್ಕಾಣಿ ಹಿಡಿಯೋನ ಹೆಂಡತಿ, ನನಗೂ ಅಷ್ಟು ಓಡಿಸೋದು ಬರುತ್ತೆ. ಬೆಳಿಗ್ಗೆಯಿಂದ ದೋಣಿಗೆ ತುಂಬಿದ್ದೇ ತುಂಬಿದ್ದು. ಕ್ಯಾನ್ವಾಸ್ ಸುರುಳಿ ಎಂಟು, ಕಬ್ಬಿಣದ ಹೊಲಿಗೆ ಯಂತ್ರ ಎರಡು, ಬೀರು ಎರಡು, ಪಾತ್ರೆ, ಮಂಚ. ಸಾಲದು ಅಂತ ನಾಲ್ಕು ಡ್ರಮ್ಮು ನೀರು ತುಂಬಿಸಿ ಇಟ್ಟೆ. ಕೂಲಿಯವರಲ್ಲಿ ಒಬ್ಬ ಕೇಳಿಯೇ ಬಿಟ್ಟ, "ಅಮ್ಮಾ, ಹೊಸ ಮನೇಲಿ ನೀರಿಗೆ ಬರವಾ? ಮನೆ ಇರೋದೇ ಕಾಲುವೆ ಮೇಲಲ್ವಾ?"

"ನಿನಗ್ಯಾಕಯ್ಯಾ ಊರ ಉಸಾಬರಿ, ಎತ್ತು" ಅಂದೆ.

ಕೊನೆಗೆ ಮೂವರು ಕೂಲಿಗಳೂ ನನ್ನ ತಂಗಿಯೂ ಹತ್ತಿ ಕೂತ ಮೇಲೆ ದೋಣಿ ಭಾರಕ್ಕೆ ಬಸುರಿಯ ಹಾಗೆ ಮೂರು ಇಂಚು ನೀರೊಳಗೆ ಕುಸಿದು ನಿಂತಿತ್ತು. ಸೇತುವೆ ಹತ್ತಿರ ಬಂದಾಗ ತಂಗಿ ಕಣ್ಣು ಮುಚ್ಚಿಕೊಂಡಳು. ಕ್ಯಾಬಿನ್ನಿನ ತುದಿಗೂ ಕಲ್ಲಿಗೂ ನಡುವೆ ಒಂದು ಹೆಬ್ಬೆರಳು ಜಾಗ. ದಾಟಿತು. ಆಚೆ ಬಂದ ಮೇಲೆ ತಂಗಿ ಕಣ್ಣು ತೆರೆದು, "ಒಳಗೇನೋ ಬಂದ್ವಿ ಅಕ್ಕಾ. ಸಾಮಾನು ಇಳಿಸಿದ ಮೇಲೆ ಹೊರಗೆ ಹೋಗೋದು ಹೇಗೆ?" ಅಂದಳು. ಅದರ ಬಗ್ಗೆ ನಾನು ಯೋಚನೆಯೇ ಮಾಡಿರಲಿಲ್ಲ, ನಿಜ ಹೇಳ್ತೀನಿ.

ಸಂಜೆ ಇವರು ಬರೋ ಹೊತ್ತಿಗೆ ಎಲ್ಲ ಇಳಿಸಿ ಆಗಿತ್ತು. ದೋಣಿ ಖಾಲಿಯಾಗಿ, ಎತ್ತರವಾಗಿ, ನಮ್ಮದೇ ಜೆಟ್ಟಿಗೆ ಕಟ್ಟಿಕೊಂಡು ನಿಂತಿತ್ತು. ಇವರು ಚೀಲ ಕೂಡ ಕೆಳಗಿಡದೆ ಹಿತ್ತಲಿಗೆ ಓಡಿದರು. ಮದುವೆ ದಿನ ಕೂಡ ಅಷ್ಟು ನಗು ಆ ಮುಖದಲ್ಲಿ ನೋಡಿರಲಿಲ್ಲ.

"ಬಂತಾ! ತಗಲಲಿಲ್ವಾ?"

"ಎಲ್ಲಿ ತಗಲುತ್ತೆ" ಅಂದೆ.

ಇವರು ದೋಣಿ ನೋಡಿದರು. ಸೇತುವೆ ನೋಡಿದರು. ಮತ್ತೆ ದೋಣಿ. ನಗು ಸ್ವಲ್ಪ ಸ್ವಲ್ಪವಾಗಿ ಇಳೀತಾ ಬಂತು. "ಹಾಗಾದ್ರೆ ನಾನು ತಪ್ಪು ನೋಡಿದೆ" ಅಂದರು, ಮೆಲ್ಲಗೆ. "ನಾಲ್ಕು ಇಂಚು ತಪ್ಪು ನೋಡಿದೀನಿ."

"ಬಿಡ್ರೀ, ನಾಲ್ಕು ಇಂಚು ಯಾವ ಮಹಾ" ಅಂತ ಚಹಾ ಇಡೋಕೆ ಒಳಗೆ ಬಂದೆ. ನಾಲ್ಕು ಇಂಚು ಅಂದರೆ ಇವರಿಗೆ ಏನು ಅನ್ನೋದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ದೋಣಿ ಹೊರಗೆ ತೆಗೆಯಬಾರದಲ್ಲ, ಅದಕ್ಕೊಂದು ಉಪಾಯ ಮಾಡಿದೆ. ಹೊಸ ಹೊದಿಕೆ ಹೊದಿಸಿ, ಕೆಳಗಿನ ಅಂಚನ್ನು ದಪ್ಪ ದಾರದಲ್ಲಿ ಸುತ್ತಲೂ ಹೊಲಿದೇ ಬಿಟ್ಟೆ. "ಒಳಗೆ ಬಣ್ಣ ಹಚ್ಚಿದೀನಿ, ಧೂಳು ಕೂರಬಾರದು, ಒಂದು ತಿಂಗಳು ಬಿಚ್ಚಬೇಡಿ" ಅಂದೆ. ಇವರು ಹೂಂ ಅಂದರು. ಮೊದಲಾಗಿದ್ದರೆ ಜಗಳ ಆಡ್ತಿದ್ದರು. ಈಗ ದೋಣಿ ಬಿಡೋ ಉತ್ಸಾಹವೇ ಇರಲಿಲ್ಲ. ದಿನಾ ಬೆಳಿಗ್ಗೆ ಜೆಟ್ಟಿ ಮೇಲೆ ನಿಂತು ದೋಣಿಯಿಂದ ಸೇತುವೆಗೆ, ಸೇತುವೆಯಿಂದ ದೋಣಿಗೆ ನೋಡೋರು. ನಾನು ಅಡುಗೆಮನೆ ಕಿಟಕಿಯಿಂದ ಅದನ್ನು ನೋಡ್ತಿದ್ದೆ. ಇಪ್ಪತ್ತೆರಡು ವರ್ಷ ಆಸೆಪಟ್ಟ ಕಿಟಕಿಯಲ್ಲಿ ನನಗೆ ಕಂಡದ್ದು ಇದು.

"ಇವತ್ತೂ ತಗಲೋ ಹಾಗೇ ಕಾಣುತ್ತೆ ಕಣೇ" ಅಂತ ಒಳಗೆ ಬಂದು ಹೇಳೋರು.

"ಟೇಪು ತಗೊಂಡು ಅಳೀರಿ" ಅಂದಳು ಒಂದು ದಿನ ತಂಗಿ, ನನ್ನನ್ನೇ ದುರುಗುಟ್ಟಿ ನೋಡ್ತಾ.

"ಅಳೆಯೋದೇನಮ್ಮ, ದೋಣಿ ಒಳಗೆ ಬಂದು ನಿಂತಿದೆಯಲ್ಲ. ಅದಕ್ಕಿಂತ ಅಳತೆ ಬೇಕಾ? ಕೆಟ್ಟಿರೋದು ನಾನು" ಅಂದರು.

ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದರು. ಡಾಕ್ಟರು ಅಕ್ಷರ ಓದಿಸಿ, ಬೆಳಕು ಬಿಟ್ಟು ನೋಡಿ, ಕಣ್ಣು ಹದ್ದಿನ ಕಣ್ಣಿನ ಹಾಗಿದೆ ಅಂದರಂತೆ. ನನಗೆ ಒಂದು ಗಳಿಗೆ ಸಮಾಧಾನವಾಯ್ತು. ಇವರಿಗೆ ಆಗಲಿಲ್ಲ. "ಕಣ್ಣು ಸರಿಯಿದ್ರೆ ಕೆಟ್ಟಿರೋದು ತಲೆ ಒಳಗೆ. ಅದು ಕಣ್ಣಿಗಿಂತ ಕೆಟ್ಟದ್ದು" ಅಂದು ಚಪ್ಪಲಿ ಬಿಚ್ಚಿ ಮೂಲೆಯಲ್ಲಿ ಕೂತರು. ನಾನು ತಟ್ಟೆ ಹಾಕಿದೆ. ಇವರು ಉಂಡರು. ಆಗ ಹೇಳಬಹುದಿತ್ತು. ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಇಷ್ಟು ದೊಡ್ಡ ಬಾಯಿ ಇಟ್ಟುಕೊಂಡು ಬೇಕಾದ ಒಂದು ಮಾತಿಗೆ ಬೀಗ.

ಲಾಂಚು ನಿಧಾನವಾಯ್ತು. ಜನ ಗೊಣಗೋಕೆ ಶುರು ಮಾಡಿದರು. ಹೊಸ ಮನೆಯ ಮುಂಗೋಣೆಗೆ ತಂದಿಟ್ಟುಕೊಂಡಿದ್ದ ಅಂಗಡಿಗೆ ಬಂದ ಗಿರಾಕಿಯೊಬ್ಬ ನನ್ನೆದುರಿಗೇ, "ನಿಮ್ಮೆಜಮಾನ್ರು ಈಗೀಗ ಲಾಂಚನ್ನ ಬಸವನಹುಳು ಮಾಡಿದಾರೆ" ಅಂತ ನಕ್ಕ. ಅವನ ಹೊದಿಕೆಯನ್ನು ಅವನ ಮುಖಕ್ಕೇ ಎಸೆದೆ. ಎಸೆದ ಮೇಲೆ ಯಾರ ಮೇಲೆ ಸಿಟ್ಟು ಯಾರ ಮೇಲೆ ತೀರಿಸ್ತಿದೀನಿ ಅಂತ ನಾಚಿಕೆಯಾಯ್ತು. ಒಂದು ವಾರ ಕಳೆದಿರಬೇಕು, ಇವರು ದಡಕ್ಕೆ ಬರುವಾಗ ಕಣ್ಣು ಸಾಕು ಅಂದಿದೆ, ಇವರು ಕಣ್ಣನ್ನು ನಂಬದೆ ಇನ್ನೊಂದಿಷ್ಟು ತಿರುಗಿಸಿದಾರೆ. ಲಾಂಚು ದಡಕ್ಕೆ ಗುದ್ದಿತು. ಏಳೋಕೆ ಹೊರಟಿದ್ದ ಒಬ್ಬ ಅಜ್ಜಿ ಮುಗ್ಗರಿಸಿ ಬಿದ್ದರು. ಮೊಣಕಾಲು ಒಡೆದು ರಕ್ತ, ಕನ್ನಡಕ ಚೂರು. ಇವರೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಪಟ್ಟಿ ಕಟ್ಟಿಸಿ, ಮನೆಗೆ ಬಿಟ್ಟು ಬಂದರು. ಆ ಅಜ್ಜಿ ಬಿದ್ದದ್ದು ಇವರಿಂದಲ್ಲ. ಬೀಳಿಸಿದವಳು ನಾನು, ಹೊಸ ಅಡುಗೆಮನೆಯಲ್ಲಿ ನಿಂತು.

ಮರುದಿನ ಬೆಳಿಗ್ಗೆ ಇವರು ಊಟದ ಮೇಜಿನ ಮೇಲೆ ಕಾಗದ ಹಾಕಿಕೊಂಡು ಬರೀತಾ ಇದ್ದರು. ಇವರು ಕಾಗದ ಬರೆದದ್ದನ್ನು ನಾನು ನೋಡಿದ್ದೇ ಇಲ್ಲ.

"ಏನದು?"

"ಆಫೀಸಿಗೆ. ಚುಕ್ಕಾಣಿ ಬಿಡ್ತೀನಿ ಅಂತ. ಇನ್ನು ಎಂಟು ದಿನ ನಿಧಾನಕ್ಕೆ ಓಡಿಸಿ, ಹೊಸಬನಿಗೆ ತೋರಿಸಿಕೊಟ್ಟು ಬಿಟ್ಟುಬಿಡ್ತೀನಿ."

"ನಿಮಗೇನು ತಲೆ ಕೆಟ್ಟಿದೆಯಾ?" ಅಂತ ಚೀರಿದೆ. ಇಂಥ ಮಾತು ಬಾಯಿಗೆ ಬಂದದ್ದಕ್ಕೆ ನಾಲಿಗೆ ಕಚ್ಚಿಕೊಂಡೆ.

ಇವರು ತಲೆ ಎತ್ತಿದರು. ಸಿಟ್ಟಿರಲಿಲ್ಲ. "ಅದನ್ನೇ ಬರೀತಿದೀನಿ" ಅಂದರು. "ನೂರಿಪ್ಪತ್ತು ಜನ ಕಣೇ. ನಿನ್ನೆ ಮೊಣಕಾಲು. ನಾಳೆ?"

ಆ ಎಂಟು ದಿನ ನಾನು ಹೇಗಿದ್ದೆ ಅಂತ ಹೇಳೋದು ಕಷ್ಟ. ಹೊಲಿಗೆ ತಪ್ಪಿತು. ಅಳತೆ ತಪ್ಪಿತು. ಜೀವನದಲ್ಲಿ ಮೊದಲ ಸಲ ಒಂದು ಹೊದಿಕೆ ಗಿಡ್ಡವಾಗಿ ವಾಪಸು ಬಂತು. ದಿನಾ ಇವತ್ತು ಹೇಳ್ತೀನಿ ಅಂದುಕೊಂಡು ಏಳ್ತಿದ್ದೆ. ಇವರು ಚಹಾ ಕುಡಿದು ಹೊರಡೋರು, ನಾನು ಲೋಟ ತೊಳೆಯೋಳು. ತಂಗಿ ನನ್ನ ಜೊತೆ ಮಾತು ಬಿಟ್ಟಳು. ಎಂಟನೇ ದಿನ ಮಧ್ಯಾಹ್ನ ಕತ್ತರಿ ಕೆಳಗಿಟ್ಟು ಎದುರಿಗೆ ನಿಂತಳು. "ಸಂಜೆ ಐದಕ್ಕೆ ಭಾವನ ಕೊನೇ ಟ್ರಿಪ್ಪು. ನೀನು ಹೇಳ್ತೀಯೋ, ನಾನು ಹೇಳ್ಲೋ?"

ನಾನು ಚಪ್ಪಲಿ ಕೂಡ ಸರಿಯಾಗಿ ಹಾಕಿಕೊಳ್ಳದೆ ಓಡಿದೆ.

ಲಾಂಚಿನ ಆಫೀಸು ಅಂದರೆ ದಡದ ಮೇಲೆ ಒಂದು ಕೋಣೆ. ಒಂದು ಮೇಜು, ಗೋಡೆಗೆ ವೇಳಾಪಟ್ಟಿ, ಮೊಳೆಗೆ ಸಿಕ್ಕಿಸಿದ ಕೀಲಿಗಳು. ಹೋದರೆ ಜನ ಸೇರಿದ್ದರು. ಟಿಕೆಟ್ ಕೊಡೋ ಹುಡುಗಿ, ಹಗ್ಗ ಎಸೆಯೋರು, ಇಂಜಿನ್ನಿನವನು, ಮೇಲ್ವಿಚಾರಕರು. ಇವರಿಗೊಂದು ಗೋಡೆ ಗಡಿಯಾರ ತಂದಿಟ್ಟಿದ್ದರು. ಮೇಲ್ವಿಚಾರಕರು ನಿಂತು ಏನೋ ಒಳ್ಳೆ ಮಾತು ಹೇಳ್ತಿದ್ದರು. ಇವರು ತಲೆ ತಗ್ಗಿಸಿ, ಕೈ ಕಟ್ಟಿಕೊಂಡು, ತಪ್ಪು ಮಾಡಿದವರ ಹಾಗೆ ನಿಂತಿದ್ದರು.

"ನಿಲ್ಸಿ" ಅಂದೆ. ನನ್ನ ದನಿ ಗೊತ್ತಲ್ಲ, ಎಲ್ಲರೂ ತಿರುಗಿದರು. "ಇವರ ಕಣ್ಣಿಗೆ ಏನೂ ಆಗಿಲ್ಲ. ತಲೆಗೂ ಆಗಿಲ್ಲ. ಸುಳ್ಳು ಹೇಳಿದ್ದು ನಾನು."

ಎಲ್ಲ ಹೇಳಿದೆ. ಪುಸ್ತಕ, ಮಡಿಕೆ, ಎಂಟು ಸುರುಳಿ, ನಾಲ್ಕು ಡ್ರಮ್ಮು ನೀರು. ದೋಣಿಗೆ ಹೊದಿಕೆ ಹೊಲಿದು ಮುಚ್ಚಿಟ್ಟದ್ದು. ನೀರಿನ ಡ್ರಮ್ಮು ಅಂದಾಗ ಇಂಜಿನ್ನಿನವನಿಗೆ ನಗು ತಡೆಯಲಾಗಲಿಲ್ಲ, ಆಮೇಲೆ ಇವರ ಮುಖ ನೋಡಿ ಸುಮ್ಮನಾದ. ನಾನು ಅಳ್ತಾ ಇದ್ದೆ. "ಎರಡು ಇಂಚು ತಗಲುತ್ತೆ ಅಂದಿದ್ರಲ್ಲ, ಎರಡೇ ಇಂಚು ತಗಲುತ್ತೆ. ಅಷ್ಟು ದೂರದಿಂದ, ಬರೀ ಕಣ್ಣಲ್ಲಿ. ಕೂದಲೆಳೆ ತಪ್ಪಿಲ್ಲ ನೀವು. ನನಗೆ ಆ ಮನೆ ಬೇಕಿತ್ತು. ಅದಕ್ಕೆ."

ಇವರು ಒಂದೇ ಪ್ರಶ್ನೆ ಕೇಳಿದರು.

"ಆ ಅಜ್ಜಿ ಬಿದ್ದ ದಿನಾನೂ ನಿನಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು."

ತಲೆಯಾಡಿಸಿದರು. ಮೇಲ್ವಿಚಾರಕರು ಗಂಟಲು ಸರಿಮಾಡಿಕೊಂಡು, "ನಿಮ್ಮ ಕಾಗದ ಇನ್ನೂ ನನ್ನ ಮೇಜಿನಲ್ಲೇ ಇದೆ. ಮೇಲಕ್ಕೆ ಕಳಿಸೋಕೆ ಮನಸ್ಸು ಬರಲಿಲ್ಲ" ಅಂತ ಅದನ್ನು ತೆಗೆದು ಕೈಗೆ ಕೊಟ್ಟರು. ಇವರು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, ಮೊಳೆಯಿಂದ ಕೀಲಿ ತಗೊಂಡು ಹೊರಟರು. ಐದು ಗಂಟೆಯ ಟ್ರಿಪ್ಪು. ನಾನೂ ಟಿಕೆಟ್ ತಗೊಂಡು ಜನರ ಜೊತೆ ಬೆಂಚಿನ ಮೇಲೆ ಕೂತೆ. ಲಾಂಚು ಹಳೇ ವೇಗದಲ್ಲಿ ಹೊಳೆ ದಾಟಿ, ಆಚೆ ದಡಕ್ಕೆ ಹೋಗಿ ನಿಂತದ್ದೇ ಗೊತ್ತಾಗಲಿಲ್ಲ. ಹಗ್ಗ ಎಸೆಯೋರು ಚಪ್ಪಾಳೆ ತಟ್ಟಿದರು. ಇವರು ಕ್ಯಾಬಿನ್ನಿನಿಂದ ಕೈ ಎತ್ತಿ ಎಲ್ಲರಿಗೂ ತೋರಿಸಿದರು. ನನ್ನ ಕಡೆ ಮಾತ್ರ ನೋಡಲಿಲ್ಲ.

ಆ ಭಾನುವಾರ ನನ್ನ ಕತ್ತರಿ ತಗೊಂಡು ಹೋಗಿ ದೋಣಿಯ ಹೊದಿಕೆಯ ಹೊಲಿಗೆ ಬಿಚ್ಚಿದರು. ಖಾಲಿ ದೋಣಿಯನ್ನು ಮೆಲ್ಲಗೆ ಸೇತುವೆವರೆಗೆ ಒಯ್ದು ನಿಲ್ಲಿಸಿದರು. ಕ್ಯಾಬಿನ್ನಿನ ತುದಿ ಕಲ್ಲಿಗೆ ತಾಗಿತು. ಇವರು ಕೈ ಎತ್ತಿ ಆ ತಾಗಿದ ಜಾಗವನ್ನು ಬೆರಳಲ್ಲಿ ಮುಟ್ಟಿ ನೋಡಿದರು, ಸುಮಾರು ಹೊತ್ತು. ಆಮೇಲೆ ವಾಪಸು ಬಂದು ಕೂಲಿಯವರನ್ನು ಕರೆಸಿ, ಸುರುಳಿ, ಯಂತ್ರ, ನೀರಿನ ಡ್ರಮ್ಮು ಎಲ್ಲ ಹೇರಿಸಿ, ದೋಣಿ ಹೊರಗೆ ತೆಗೆದು ಸರ್ಕಾರಿ ಜೆಟ್ಟಿಗೇ ಕಟ್ಟಿ ಬಂದರು. ಹೊಸ ಮನೆಯಿಂದ ಅದು ಒಂದು ಗಂಟೆ ನಡಿಗೆ. ಕ್ಯಾಬಿನ್ ಕತ್ತರಿಸೋಣ ಅಂತ ನಾನು ಹೇಳಬಹುದಿತ್ತು. ಯಾವ ಮುಖ ಇಟ್ಟುಕೊಂಡು ಹೇಳಲಿ? ಮನೆ ಮಾರೋಣ ಅಂದೆ. "ನಿನಗೆ ಇಷ್ಟ ಅಲ್ವಾ, ಇರಲಿ" ಅಂದರು. ಸಕ್ಕರೆ ದಾರಿಯಲ್ಲಿ ಸಿಕ್ಕಾಗೆಲ್ಲ "ಜೆಟ್ಟಿ ಹೇಗಿದೆ ಅಮ್ಮಾ" ಅಂತ ಕೇಳ್ತಾನೆ. ಚೆನ್ನಾಗಿದೆ ಅಂತೀನಿ.

ಇವರು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ತಿರುಗಿ ಅಂದು, ಅತ್ತು, ಹಗುರಾಗ್ತಿದ್ದೆ. ಮೊದಲಿನ ಹಾಗೇ ಊಟ ಮಾಡ್ತಾರೆ, ಲಾಂಚಿನ ಸುದ್ದಿ ಹೇಳ್ತಾರೆ, ನನ್ನ ತಂಗಿಯನ್ನು ಕಿಚಾಯಿಸ್ತಾರೆ. ಆ ಅಜ್ಜಿಗೆ ಹೊಸ ಕನ್ನಡಕ ಮಾಡಿಸಿಕೊಡೋಕೆ ನಾನು ಹೋದಾಗ ಜೊತೆಗೆ ಬಂದರು ಕೂಡ. ಹೊರಗಿನವರು ನೋಡಿದರೆ ಏನೂ ಆಗಿಲ್ಲ ಅನ್ನಬೇಕು. ನಾನೂ ಹಾಗೇ ಅಂದುಕೊಳ್ಳೋಕೆ ಶುರು ಮಾಡಿದ್ದೆ.

ಇವತ್ತು ಬೆಳಿಗ್ಗೆ ಇವರು ಕೆಲಸಕ್ಕೆ ಹೊರಟು ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ತಿದ್ದರು. ನಾನು ಅಡುಗೆಮನೆಯಿಂದ, "ರೀ, ಹೊರಗೆ ಮಳೆ ಬರ್ತಿದೆ, ಕೊಡೆ ತಗೊಳ್ಳಿ" ಅಂದೆ.

ಇವರು ಬಾಗಿಲು ತೆಗೆದು, ಕೈ ಹೊರಗೆ ಚಾಚಿ ನೋಡಿದರು. ಆಮೇಲೆ ಕೊಡೆ ತಗೊಂಡು ಹೋದರು.